ಅತ್ತೆಯ ಎರಡು ಹಲ್ಲು

ಜೂನ್ 3

ಸೊಸೆಗೆ ಆಶೀರ್ವಾದಗಳು.

ನಿನ್ನ ಪಶು ಆಸ್ಪತ್ರೆಯ ವಿಳಾಸಕ್ಕೆ ಪತ್ರ ಬಂದದ್ದು ನೋಡಿ ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಮಾವನವರು ನಿವೃತ್ತರಾದ ಮೇಲೆ ಮನೆಯ ಗಡಿಯಾರಗಳನ್ನೆಲ್ಲ ಬಿಚ್ಚಿ ಜೋಡಿಸುತ್ತಿದ್ದಾರೆ. ಈಗ ಒಂದೊಂದು ಕೋಣೆಯಲ್ಲಿ ಒಂದೊಂದು ಹೊತ್ತು.

ಫೋನಿನಲ್ಲೇ ಕೇಳಬಹುದಿತ್ತು. ಆದರೆ ನನ್ನ ಮಗ ಸ್ಪೀಕರಿಗೆ ಹಾಕದೆ ಮಾತಾಡಿದ್ದನ್ನು ನಾನು ಕಾಣೆ. ಈ ಕಡೆ ನಿನ್ನ ಮಾವನವರ ಕಿವಿ ನನ್ನ ಭುಜದ ಮೇಲೇ ಇರುತ್ತದೆ. ಹಾಗಾಗಿ ಊಟದ ಬಿಡುವಿನಲ್ಲಿ, ಗಾರ್ಮೆಂಟ್ಸ್ ಫ್ಯಾಕ್ಟರಿಯ ಕಟಿಂಗ್ ಮೇಜಿನ ಮೇಲೆ ಕೂತು ಬರೆಯುತ್ತಿದ್ದೇನೆ. ವಿಷಯ ನಿನ್ನಲ್ಲೇ ಇರಲಿ. ನಿನ್ನ ಗಂಡನಿಗೂ ಬೇಡ.

ವಸಡಿನಿಂದ ರಕ್ತ ಬರುತ್ತದೆಂದು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಅವರು ಕ್ಲಿಪ್ ಹಾಕುವ ಡಾಕ್ಟರ ಹತ್ತಿರ ಕಳಿಸಿದರು. ನಿನ್ನ ವಯಸ್ಸಿನ ಹುಡುಗಿ. ಮೇಲಿನ ಹಲ್ಲುಗಳು ಒಂದರ ಮೇಲೊಂದು ಹತ್ತಿ ಕೂತಿವೆ, ಮುಂದಿನವು ಹೊರಗೆ ಬಂದಿವೆ, ಬ್ರಷ್ಷು ಸಂದಿಗೆ ಹೋಗುವುದೇ ಇಲ್ಲ ಎಂದಳು. ಮೊದಲು ವಸಡು ಸರಿಮಾಡಿ, ಆಮೇಲೆ ಮೇಲಿನ ಎರಡು ಹಲ್ಲು ಕೀಳಿಸಿ, ಆ ಜಾಗಕ್ಕೆ ಮುಂದಿನವನ್ನು ತಂತಿಯಿಂದ ಹಿಂದಕ್ಕೆ ಎಳೆಯೋಣ ಎನ್ನುತ್ತಾಳೆ. ಕೀಳಬೇಕೆನ್ನುವುದು ಗಟ್ಟಿ ಹಲ್ಲುಗಳನ್ನು. ನನಗೆ ಬಗೆಹರಿಯದ್ದು ಅದೇ. ನನ್ನ ಓರಗೆಯವರು ಇರುವ ಹಲ್ಲು ಉಳಿಸಿಕೊಳ್ಳಲು ಒದ್ದಾಡುತ್ತಿದ್ದಾರೆ, ನಾನು ಹೋಗಿ ಗಟ್ಟಿ ಹಲ್ಲು ಕೀಳಿಸಿಕೊಂಡು ಬರಲೇ?

ನಿಮ್ಮ ಮನೆಯ ಆಲ್ಬಮ್ಮಿನಲ್ಲಿ ಬಾಯಿ ತುಂಬ ತಂತಿ ಇದ್ದ ನಿನ್ನ ಫೋಟೋ ನೋಡಿದ ನೆನಪು. ನಿನ್ನದು ಎಷ್ಟು ಹಲ್ಲು ಕಿತ್ತರು? ಕಿತ್ತದ್ದಕ್ಕೆ ಆಮೇಲೆ ಬೇಜಾರಾಯಿತೇ? ಇಷ್ಟು ತಿಳಿಸಿದರೆ ಸಾಕು. ಇದೆಲ್ಲ ವಸಡಿಗಾಗಿ ಅಷ್ಟೆ, ಬೇರೇನಲ್ಲ. ಉತ್ತರವನ್ನು ಫ್ಯಾಕ್ಟರಿಗೇ ಹಾಕು.

ಇತಿ,
ಅತ್ತೆ


ಜೂನ್ 13

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ನೀವು ಹೇಳಿದಂತೆ ಯಾರಿಗೂ ತಿಳಿಸಿಲ್ಲ.

ನನಗೆ ಹದಿಮೂರು ವರ್ಷವಿದ್ದಾಗ ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು ಹಲ್ಲು ಕಿತ್ತರು. ನೋವಾಗಲಿಲ್ಲ. ಬೇಜಾರೂ ಆಗಲಿಲ್ಲ. ಕ್ರಮೇಣ ಜಾಗ ಮುಚ್ಚಿಕೊಂಡಿತು. ನಾನು ಕುದುರೆ, ನಾಯಿಗಳ ಡಾಕ್ಟರಾದ್ದರಿಂದ ಮನುಷ್ಯರ ಬಾಯಿಯ ಬಗ್ಗೆ ಅಧಿಕಾರದಿಂದ ಹೇಳಲಾರೆ. ಆದರೂ, ತೊಂದರೆ ವಸಡಿಗೆ ಮಾತ್ರವಾದರೆ ಹಲ್ಲು ಕ್ಲೀನ್ ಮಾಡಿಸಿ ನೋಡಬಹುದೇನೋ. ಈ ವಯಸ್ಸಿನಲ್ಲಿ ಗಟ್ಟಿ ಹಲ್ಲು ಕೀಳಿಸಿ, ವರ್ಷಗಟ್ಟಲೆ ತಂತಿ ಕಟ್ಟಿಕೊಂಡು ಕಷ್ಟಪಡುವ ಅಗತ್ಯವಿದೆಯೇ ಎಂದು ಒಮ್ಮೆ ಯೋಚಿಸಿ.

ಮಾವನವರಿಗೆ ನಮಸ್ಕಾರ ತಿಳಿಸಿ ಎಂದು ಬರೆಯಹೊರಟೆ, ತಿಳಿಸುವಂತಿಲ್ಲವೆಂದು ನೆನಪಾಯಿತು.

ವಿಧೇಯಳಾದ,
ಸೊಸೆ


ಜುಲೈ 2

ಸೊಸೆಗೆ,

ನನ್ನ ವಯಸ್ಸನ್ನು ನೆನಪಿಸಿದ್ದು ಒಳ್ಳೆಯದಾಯಿತು. ಡಾಕ್ಟರಿಗೆ ಬೇಡವೆಂದು ಹೇಳಿದ್ದೇನೆ. ಕ್ಲೀನಿಂಗ್ ಆಯಿತು.

ಇಲ್ಲಿ ಸೆಕೆ. ಕೆಲಸ ಜಾಸ್ತಿ.

ಅತ್ತೆ


ಜುಲೈ 10

ಅತ್ತೆಯವರಿಗೆ ನಮಸ್ಕಾರ.

ನಾಲ್ಕು ಸಾಲಿನ ಪತ್ರವನ್ನು ನಾಲ್ಕಾರು ಸಲ ಓದಿದೆ. ‘ಈ ವಯಸ್ಸಿನಲ್ಲಿ’ ಎಂದು ಬರೆದದ್ದು ತಪ್ಪಾಯಿತು. ಅದೊಂದೇ ಅಲ್ಲ, ನೋವಾಗಲಿಲ್ಲ ಎಂದದ್ದೂ ಸುಳ್ಳು. ಅತ್ತೆಗೆ ಬರೆಯುವಾಗ ಶಾಣ್ಯಾ ಸೊಸೆಯಾಗಿ ಬರೆಯಬೇಕೆಂದು ಹಾಗೆ ಬರೆದೆ.

ನಡೆದದ್ದು ಹೀಗೆ. ಮೊದಲ ದಿನ ಒಂದು ಕಡೆಯ ಎರಡು ಹಲ್ಲು ಕಿತ್ತರು. ಎರಡನೇ ಸಲ ಹೋದಾಗ ಡಾಕ್ಟರು ಆ ಕಡೆ ತಿರುಗಿದ್ದೇ ತಡ, ಕುತ್ತಿಗೆಗೆ ಕಟ್ಟಿದ್ದ ಬಟ್ಟೆಯ ಸಮೇತ ಕುರ್ಚಿಯಿಂದ ಹಾರಿ ರಸ್ತೆಗೆ ಓಡಿದೆ. ನನ್ನ ಹಿಂದೆ ಅಪ್ಪ, ಅಪ್ಪನ ಹಿಂದೆ ನರ್ಸು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಬಸ್ಸು ಬಿಟ್ಟು ನಮ್ಮನ್ನೇ ನೋಡಿದರು. ಕೊನೆಗೆ ಒಂದು ಬೇಕರಿಯ ಗಾಜಿನ ಪೆಟ್ಟಿಗೆಯ ಹಿಂದೆ ಸಿಕ್ಕಿಬಿದ್ದೆ. ಉಳಿದ ಎರಡನ್ನೂ ಕಿತ್ತ ಮೇಲೆ ಕನ್ನಡಿ ನೋಡಿಕೊಂಡು ಅತ್ತುಬಿಟ್ಟೆ. ಬಾಯಿ ಗೇಟು ಕಳಚಿದ ಕಾಂಪೌಂಡಿನ ಹಾಗಿತ್ತು. ಆದರೆ ಜಾಗ ಮುಚ್ಚಿಕೊಂಡ ಮೇಲೆ ಇನ್ನೊಂದು ರೋಗ ಶುರುವಾಯಿತು. ಕಾರಣವಿಲ್ಲದೆ ನಗುವುದು. ಅಂಗಡಿಯವನು ಚಿಲ್ಲರೆ ಕೊಟ್ಟರೂ ನಗುತ್ತಿದ್ದೆ.

ಒಂದು ಮಾತು ಕೇಳಲೇ? ಎದುರಿಗಿದ್ದಿದ್ದರೆ ಕೇಳುವ ಧೈರ್ಯ ಬರುತ್ತಿರಲಿಲ್ಲ. ನಮ್ಮ ಮದುವೆಯಾಗಿ ಮೂರು ವರ್ಷವಾಯಿತು. ಮದುವೆಯ ಒಂದು ಫೋಟೋದಲ್ಲೂ ನೀವು ನಕ್ಕಿಲ್ಲ. ಮೊದಲ ಸಲ ನಿಮ್ಮ ಮನೆಗೆ ಬಂದಾಗ ಊಟದ ಮೇಜಿನ ಮುಂದೆ ಸವಾರಿ ಶಾಲೆಯ ಕಥೆ ಹೇಳಿದ್ದೆ. ಕುದುರೆಯ ಹಲ್ಲು ನೋಡಬೇಕಿತ್ತು, “ಎಲ್ಲಿ, ಬಾಯಿ ತೆಗಿ” ಅಂದೆ. ಕುದುರೆ ಸುಮ್ಮನೆ ನಿಂತಿತ್ತು, ಲಗಾಮು ಹಿಡಿದಿದ್ದ ಮಾಲೀಕರು “ಆ” ಎಂದು ಬಾಯಿ ತೆರೆದರು. ಎಲ್ಲರೂ ನಕ್ಕರು. ನೀವು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಿರಿ, ತುಂಬ ಹೊತ್ತು ಬರಲೇ ಇಲ್ಲ. ಬಾಯಿಬಡುಕಿ ಸೊಸೆ ಸಿಕ್ಕಳೆಂದು ನಿಮಗೆ ಅನ್ನಿಸಿರಬೇಕು ಎಂದುಕೊಂಡೆ. ಅಲ್ಲಿಂದೀಚೆಗೆ ನಿಮ್ಮೆದುರು ಅಂಥ ಕಥೆ ಹೇಳುವುದು ಬಿಟ್ಟೆ.

ನಾನು ನಿಮಗೆ ಇಷ್ಟವಾಗಲಿಲ್ಲವೇ? ಬೇಜಾರು ಮಾಡಿಕೊಳ್ಳದೆ ಬರೆಯಿರಿ.

ನಿಮ್ಮ ಸೊಸೆ


ಜುಲೈ 19

ಪ್ರೀತಿಯ ಸೊಸೆಗೆ,

ನಾನು ಅಡುಗೆಮನೆಗೆ ಹೋದದ್ದು ನಗುವುದಕ್ಕೆ.

ನಲ್ಲಿಯನ್ನು ಜೋರಾಗಿ ಬಿಟ್ಟು, ಕೈ ಒರೆಸುವ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಸುಧಾರಿಸಿಕೊಂಡು ಹೊರಗೆ ಬರೋಣವೆಂದರೆ ಆ ಮನುಷ್ಯ ಬಾಯಿ ತೆರೆದದ್ದು ಮತ್ತೆ ಕಣ್ಣಿಗೆ ಕಟ್ಟುತ್ತಿತ್ತು. ತೊಳೆದ ತಟ್ಟೆಯನ್ನೇ ಮೂರು ಸಲ ತೊಳೆದೆ. ಆಮೇಲೆ ಬಂದಾಗಲೆಲ್ಲ ಇವಳು ಇನ್ನೊಂದು ಕಥೆ ಹೇಳಬಹುದೇ ಎಂದು ಕಾಯುತ್ತಿದ್ದೆ. ನೀನು ಹೇಳಲಿಲ್ಲ. ಕೆಲಸ ಜಾಸ್ತಿ, ಪಾಪ ಸುಸ್ತಾಗಿರುತ್ತಾಳೆ ಎಂದುಕೊಂಡೆ. ನೋಡು, ಮೂರು ವರ್ಷ ನೀನು ಹೇಳದೆ ಕೂತೆ, ನಾನು ಕೇಳದೆ ಕೂತೆ.

ಇಷ್ಟವಾಗಲಿಲ್ಲವೇ ಅಂತೆ. ಹುಚ್ಚು ಹುಡುಗಿ.

ವಸಡಿಗಾಗಿ ಅಂದದ್ದು ಅರ್ಧ ಸತ್ಯ. ನನ್ನ ಮದುವೆಯ ದಿನ ಫೋಟೋದವನು ಕ್ಯಾಮೆರಾ ಹಿಂದಿನಿಂದ ತಲೆ ಎತ್ತಿ, “ಮೇಡಂ, ಬಾಯಿ ಸ್ವಲ್ಪ ಮುಚ್ಕೊಳ್ಳಿ, ಹಲ್ಲೇ ಹೈಲೈಟ್ ಆಗ್ತಿದೆ” ಅಂದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅವನಿಗೆ ಫೋಟೋ ಚೆನ್ನಾಗಿ ಬರಬೇಕಿತ್ತು ಅಷ್ಟೆ. ಸುತ್ತ ನಿಂತವರು ಕಿಸಕ್ಕೆಂದರು. ಅವತ್ತು ಮುಚ್ಚಿದ ಬಾಯಿ, ಊಟಕ್ಕೂ ಕೆಲಸದ ಮಾತಿಗೂ ಬಿಟ್ಟರೆ ತೆರೆದಿಲ್ಲ. ಫ್ಯಾಕ್ಟರಿಯಲ್ಲಿ ನನ್ನನ್ನು ಕತ್ತರಿ ಮೇಡಂ ಅನ್ನುತ್ತಾರೆ. ಕೈಯಲ್ಲಿ ಕತ್ತರಿ ಇದೆ ಎಂದಲ್ಲ, ಮುಖ ಹಾಗಿದೆ ಎಂದು.

ಡಾಕ್ಟರಿಗೆ ಬೇಡವೆಂದದ್ದು ನಿಜ. ಅವಳು ನನ್ನ ಫೈಲು ಮುಚ್ಚಿಲ್ಲವಂತೆ. ಕೀಳಿಸದೆಯೂ ಮಾಡಬಹುದು ಎಂದು ಹೇಳಿದ್ದಾಳೆ. ಹಾಗೆ ಮಾಡಿದರೆ ಹಲ್ಲುಗಳು ಸಾಲಾಗಿ ನಿಲ್ಲುತ್ತವೆ, ಆದರೆ ಎಲ್ಲಕ್ಕೂ ಜಾಗ ಬೇಕಲ್ಲ, ಇನ್ನೂ ಸ್ವಲ್ಪ ಮುಂದಕ್ಕೇ ಬರುತ್ತವೆ. ತುಟಿಯನ್ನು ಈಗಿನಂತೆ ಎಳೆದೇ ಮುಚ್ಚಬೇಕು. ಕೀಳಿಸಿದರೆ ಹಿಂದಕ್ಕೆ ಹೋಗುತ್ತವೆ, ಎರಡು ವರ್ಷದ ಮೇಲೆ ಹಿಡಿಯುತ್ತದೆ, ಕಿತ್ತದ್ದು ಮತ್ತೆ ಬರುವುದಿಲ್ಲ. “ಎರಡರಲ್ಲಿ ಯಾವುದೂ ತಪ್ಪಲ್ಲಮ್ಮ, ನಿಮಗೆ ಏನು ಬೇಕು ಅನ್ನೋದರ ಮೇಲಿದೆ” ಎನ್ನುತ್ತಾಳೆ. ನನಗೆ ಏನು ಬೇಕೆಂದು ಹೀಗೆ ಎದುರಿಗೆ ಕೂತು ಯಾರೂ ಕೇಳಿರಲಿಲ್ಲ. ತಡವರಿಸಿ ಎದ್ದು ಬಂದೆ.

ಈಗ ಹೇಳು. ಶಾಣ್ಯಾ ಸೊಸೆಯಾಗಿ ಬೇಡ, ಬೇಕರಿಗೆ ಓಡಿದವಳಾಗಿ ಹೇಳು.

ಅತ್ತೆ


ಜುಲೈ 27

ನನ್ನ ಅತ್ತೆಗೆ,

ಲಾಯದಲ್ಲಿ ನಿಂತು ನಿಮ್ಮ ಪತ್ರ ಓದಿದೆ. ಮೊದಲ ಸಾಲಿಗೇ ನಾನು ನಕ್ಕ ರಭಸಕ್ಕೆ ಎರಡು ಕುದುರೆ ಕಿವಿ ನಿಮಿರಿಸಿದವು. ಆಮೇಲೆ ಸ್ವಲ್ಪ ಕಣ್ಣೀರೂ ಬಂತು. ಕುದುರೆಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕೀಳಿಸಿ ಎಂದಾಗಲಿ ಬೇಡ ಎಂದಾಗಲಿ ನಾನು ಹೇಳುವುದಿಲ್ಲ. ಹದಿಮೂರನೇ ವಯಸ್ಸಿನಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಅಪ್ಪನೂ ಡಾಕ್ಟರೂ ತಮ್ಮತಮ್ಮಲ್ಲೇ ಮಾತಾಡಿ ಮುಗಿಸಿದರು. ನಾನು ಓಡಿದ್ದು ನೋವಿಗೆ ಹೆದರಿ ಅಂತ ಎಲ್ಲರೂ ಇವತ್ತಿಗೂ ಹೇಳುತ್ತಾರೆ. ಅದಕ್ಕಲ್ಲ, ಯಾರೂ ಕೇಳಲಿಲ್ಲ ಎನ್ನುವುದಕ್ಕೆ ಓಡಿದೆ ಎಂದು ಈಗ ಅನ್ನಿಸುತ್ತದೆ. ನಿಮ್ಮನ್ನು ಕೇಳಿದ್ದಾರೆ. ಆ ಡಾಕ್ಟರ ಬಗ್ಗೆ ನನಗೆ ಆಗಲೇ ಗೌರವ ಬಂದಿದೆ.

ಮತ್ತೊಮ್ಮೆ ಹೋಗಿ, ಹೊತ್ತು ತೆಗೆದುಕೊಂಡು ಮಾತಾಡಿ. ನಿಮ್ಮ ಹಲ್ಲಿನ ಅಚ್ಚು ತೆಗೆದಿರುತ್ತಾರೆ, ಅದನ್ನು ಕೈಗೆ ಕೊಡಿ ಅನ್ನಿ. ಯಾವ ಹಲ್ಲು, ಅದೇ ಯಾಕೆ, ಕಿತ್ತರೆ ಯಾವುದು ಎಲ್ಲಿಗೆ ಹೋಗುತ್ತದೆ ಎಂದು ತೋರಿಸಲಿ. ವಸಡಿನ ಕೆಳಗಿನ ಮೂಳೆ ಇಷ್ಟನ್ನು ತಾಳುತ್ತದೆಯೇ ಎಂದೂ ಕೇಳಿ, ಅದು ಮುಖ್ಯ. ಏನೂ ಮಾಡಿಸದೆ ಬಿಟ್ಟರೆ ಏನಾಗುತ್ತದೆ ಎಂದು ಕೇಳಲು ಮರೆಯಬೇಡಿ.

ಮಾವನಿಗೆ ಹೇಳಿಬಿಡಿ ಅತ್ತೆ. ಬಾಯಿ ತುಂಬ ತಂತಿ ಹಾಕಿಕೊಂಡು ಎರಡು ವರ್ಷ ಯಾರಿಂದ ಮುಚ್ಚಿಡುತ್ತೀರಿ?

ಬೇಕರಿಗೆ ಓಡಿದವಳು


ಆಗಸ್ಟ್ 16

ಬೇಕರಿಯವಳಿಗೆ,

ಮೊದಲು ನಿನ್ನ ಮಾವನ ಕಥೆ ಕೇಳು. ಒಂದು ತಿಂಗಳಿಂದ ಇವರು ಬದಲಾಗಿದ್ದರು. ಬೆಳಿಗ್ಗೆ ಏಳುವಷ್ಟರಲ್ಲಿ ಪಾತ್ರೆ ತೊಳೆದಿರುತ್ತಿತ್ತು. ಬಟ್ಟೆ ಒಗೆದು ಒಣಹಾಕಿರುತ್ತಿತ್ತು. “ಕೂತ್ಕೋ, ನೀನ್ಯಾಕೆ ಎದ್ದೆ” ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಬುದ್ಧಿ ಬಂತು ಎಂದು ನಾನು ಹಾಯಾಗಿ ಕೂತೆ. ನಿನ್ನ ಮಾತಿನಂತೆ ಭಾನುವಾರ ವಿಷಯ ಎತ್ತಿದೆ. “ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು” ಅಂದೆನೋ ಇಲ್ಲವೋ, ಅವರ ಕೈಯಲ್ಲಿದ್ದ ಗಡಿಯಾರದ ಮುಳ್ಳು ಕೆಳಗೆ ಬಿತ್ತು.

“ಗೊತ್ತು. ನಿನ್ನನ್ನ ಆಸ್ಪತ್ರೆ ಮೆಟ್ಟಿಲ ಮೇಲೆ ನೋಡಿದೆ ಅಂತ ಯಾರೋ ಹೇಳಿದ್ರು. ಗಡ್ಡೆನಾ? ಎದೆ ನೋವಾ? ಏನಿದ್ರೂ ಹೇಳು, ನಾನಿದ್ದೀನಿ.”

“ಹಲ್ಲು” ಅಂದೆ.

ಅವರು ನೆಲದ ಮೇಲೆ ಕೂತುಬಿಟ್ಟರು. ಮುಳ್ಳು ಹುಡುಕುವ ನೆಪದಲ್ಲಿ ಕಣ್ಣೊರೆಸಿಕೊಂಡರು, ನಾನು ನೋಡಿದೆ. ಗಾಬರಿ ಇಳಿದ ಮೇಲೆ ಕೋಪ ಬಂತು. “ಹಲ್ಲು ಚೆನ್ನಾಗೇ ಇದೆಯಲ್ಲ. ನಾನು ಯಾವತ್ತಾದ್ರೂ ಏನಾದ್ರೂ ಅಂದಿದ್ದೀನಾ? ನಂಗೆ ಆ ಹಲ್ಲೇ ಇಷ್ಟ. ಅದನ್ನ ಹಿಂದಕ್ಕೆ ತಳ್ಳಿಸಿ ಬೇರೆ ಯಾರದ್ದೋ ಮುಖ ಹಾಕ್ಕೊಂಡು ಬಂದ್ರೆ ನಾನೇನ್ ಮಾಡ್ಲಿ?”

“ನೋಡೋದು ನೀವು. ಮುಚ್ಕೊಳ್ಳೋದು ನಾನು” ಅಂದೆ.

ಸಂಜೆವರೆಗೆ ಅದೇ ಗಡಿಯಾರದ ಮುಂದೆ ಕೂತಿದ್ದರು, ಒಂದು ತಿರುಪೂ ತಿರುಗಿಸಲಿಲ್ಲ. ದೀಪ ಹಾಕುವ ಹೊತ್ತಿಗೆ ಬಂದು, “ನೀನು ಮುಚ್ಕೊಳ್ತಿದ್ದೀಯಾ ಅಂತ ನಂಗೆ ಗೊತ್ತೇ ಆಗ್ಲಿಲ್ಲ ಕಣೇ. ಸ್ವಭಾವನೇ ಗಂಭೀರ ಅಂದ್ಕೊಂಡಿದ್ದೆ. ನಗಿಸಬೇಕು ಅಂತ ಮೊದಮೊದಲು ಎಷ್ಟು ಒದ್ದಾಡಿದೀನಿ ಗೊತ್ತಾ” ಅಂದರು. ನಿಜ, ಒದ್ದಾಡುತ್ತಿದ್ದರು. ನಾನು ಮುಖ ತಿರುಗಿಸುತ್ತಿದ್ದೆ. ಆಮೇಲೆ ಅವರು ಬಿಟ್ಟುಬಿಟ್ಟರು. ನನ್ನ ಮುಖ ನೋಡಿ ಸುಮ್ಮನಾದವಳು ನೀನೊಬ್ಬಳೇ ಅಲ್ಲ ನೋಡು.

ಡಾಕ್ಟರ ಹತ್ತಿರ ಇಬ್ಬರೂ ಹೋದೆವು. ಹಲ್ಲಿನ ಅಚ್ಚನ್ನು ಕೈಗೆ ಕೊಟ್ಟಳು. ನನ್ನ ಬಾಯಿಯನ್ನು ನಾನು ಹೊರಗಿನಿಂದ ನೋಡಿದ್ದು ಅದೇ ಮೊದಲು. ಎಷ್ಟೊಂದು ಜನ ಒಂದು ಬೆಂಚಿನ ಮೇಲೆ ಒತ್ತಿಕೊಂಡು ಕೂತ ಹಾಗಿದೆ, ಪಾಪ. ಏನೂ ಮಾಡಿಸದಿದ್ದರೆ ಪ್ರಾಣಕ್ಕೇನೂ ಇಲ್ಲ, ಆದರೆ ಸಂದಿಯಲ್ಲಿ ಕೊಳೆ ನಿಂತು ಮುಂದಿನವು ಮೊದಲು ಅಲ್ಲಾಡಬಹುದು ಎಂದಳು. ಮೂಳೆ ತಾಳುತ್ತದೆ, ಮೆಲ್ಲಗೆ ಎಳೆಯಬೇಕು ಅಷ್ಟೆ. ಸಾಮಾನ್ಯವಾಗಿ ಎರಡೂ ಕಡೆ ಕೋರೆಹಲ್ಲಿನ ಪಕ್ಕದ್ದನ್ನು ಕೀಳುತ್ತಾರಂತೆ. ನನಗೆ ಎಡಗಡೆ ಅದು ಗಟ್ಟಿಯಾಗಿದೆ, ಅದರ ಹಿಂದಿನದು ಅರ್ಧಕ್ಕರ್ಧ ಸಿಮೆಂಟು. “ಈ ಕಡೆ ಸಿಮೆಂಟಿನದ್ದನ್ನೇ ತೆಗೀಬಹುದು. ಆದ್ರೆ ಒಂದು ಹಲ್ಲು ಹೆಚ್ಚಿಗೆ ಸರೀಬೇಕಾಗತ್ತೆ, ಕೆಲವು ತಿಂಗಳು ಜಾಸ್ತಿ ಹಿಡಿಯತ್ತೆ. ಪರವಾಗಿಲ್ವಾ?” ಎಂದಳು.

ನಿನ್ನ ಮಾವ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಲಿಲ್ಲ. “ಪರವಾಗಿಲ್ಲ. ತೆಗೀರಿ” ಅಂದೆ.

ಬಾಗಿಲಾಚೆ ಬಂದ ಮೇಲೆ ಏನೋ ಹಗುರ.

ಅತ್ತೆ


ಆಗಸ್ಟ್ 24

ಅತ್ತೆ,

ಈ ಪತ್ರ ಚಿಕ್ಕದು, ಹೊರಗೆ ಒಂದು ಕತ್ತೆ ಕಾಯುತ್ತಿದೆ.

ನಿಮ್ಮ ಮಗನಿಗೆ ಸಿಕ್ಕಿಬಿದ್ದೆ. ನನ್ನ ಚೀಲದಲ್ಲಿ ನಿಮ್ಮ ಕೈಬರಹದ ಲಕೋಟೆ ನೋಡಿ, ಓದದೆ, ವಾರಗಟ್ಟಲೆ ಒಳಗೊಳಗೇ ಬೆಂದಿದ್ದಾರೆ. ನಿನ್ನೆ ಊಟದ ಮಧ್ಯೆ ತುತ್ತು ಕೆಳಗಿಟ್ಟು, “ಅಮ್ಮ ನಿನ್ನನ್ನ ಪತ್ರದಲ್ಲಿ ಬೈತಿದ್ದಾರಾ? ಫೋನಲ್ಲಾದ್ರೆ ನಾನು ಮಧ್ಯ ಬರ್ತೀನಿ ಅಂತ ಹೀಗೆ ಮಾಡ್ತಿದ್ದಾರಾ?” ಎಂದು ಕೇಳಿದರು. “ಹೌದು, ಹುಚ್ಚು ಹುಡುಗಿ ಅಂತ ಬೈದಿದ್ದಾರೆ” ಅಂದೆ. ಮುಖ ಸಪ್ಪಗಾಯಿತು. ಆಮೇಲೆ ಎಲ್ಲ ಹೇಳಿಬಿಟ್ಟೆ, ಕ್ಷಮಿಸಿ. ತಟ್ಟೆ ಪಕ್ಕಕ್ಕೆ ಸರಿಸಿ, “ಅಮ್ಮ ನಗೋದನ್ನ ನಾನು ಕೇಳೇ ಇಲ್ಲ” ಎಂದರು. ಈಗ ಹಲ್ಲು ಕೀಳಿಸುವ ದಿನ ನಿಮ್ಮ ಜೊತೆ ಯಾರು ಹೋಗುತ್ತಾರೆ, ರಜೆ ಹಾಕಿ ಬರಲೇ ಎಂದು ತಲೆ ತಿನ್ನುತ್ತಿದ್ದಾರೆ.

ಕಿತ್ತ ದಿನ ಹತ್ತಿಯನ್ನು ಗಟ್ಟಿಯಾಗಿ ಕಚ್ಚಿಕೊಂಡಿರಿ. ಓಡಬೇಕೆನಿಸಿದರೆ ಬೇಕರಿ ಎಲ್ಲಿದೆಯೆಂದು ಮೊದಲೇ ನೋಡಿಟ್ಟುಕೊಳ್ಳಿ.

ನಿಮ್ಮ ಹುಚ್ಚು ಹುಡುಗಿ


ಸೆಪ್ಟೆಂಬರ್ 21

ಹುಚ್ಚು ಹುಡುಗಿಗೆ,

ಆಯಿತು. ನಾನು ಓಡಲಿಲ್ಲ. ಬಿದ್ದದ್ದು ನಿನ್ನ ಮಾವ.

ನನ್ನ ಮಗನಿಗೆ ಬರಬೇಡವೆಂದದ್ದು, “ನಾನಿದ್ದೀನಲ್ಲ” ಎಂದು ಇವರು ಎದೆಯುಬ್ಬಿಸಿ ಹೇಳಿದ್ದರಿಂದ. ಪಕ್ಕದಲ್ಲಿ ನಿಂತು ನನ್ನ ಕೈ ಹಿಡಿದುಕೊಂಡರು. ಡಾಕ್ಟರು ಇಂಜೆಕ್ಷನ್ ಎತ್ತಿದಳು. ನನಗೆ ಚುರ್ ಅಂದಿತು ಅಷ್ಟೆ, ಇವರ ಕೈ ಸಡಿಲವಾಯಿತು. ತಿರುಗಿ ನೋಡಿದರೆ ಮನುಷ್ಯ ಗೋಡೆಗೆ ಒರಗಿ ಮೆಲ್ಲಗೆ ಜಾರುತ್ತಿದ್ದಾರೆ. ನನ್ನನ್ನು ಬಿಟ್ಟು ಎಲ್ಲರೂ ಅವರ ಕಡೆ ಓಡಿದರು. ಪಕ್ಕದ ಕುರ್ಚಿಯಲ್ಲಿ ಮಲಗಿಸಿ, ಕಾಲು ಮೇಲೆತ್ತಿ, ಸಕ್ಕರೆ ನೀರು ಕುಡಿಸಿದರು. ನನ್ನ ಬಾಯಿ ಅಷ್ಟರಲ್ಲಿ ಚೆನ್ನಾಗಿ ಮರಗಟ್ಟಿತ್ತು. ಹಲ್ಲು ಹೊರಬಂದದ್ದು ನೋವಿನಿಂದ ಗೊತ್ತಾಗಲಿಲ್ಲ, ಕಿವಿಯೊಳಗೆ ಕರಕರ ಸದ್ದಿನಿಂದ ಗೊತ್ತಾಯಿತು. ಎರಡನೆಯದು ಮುಗಿದಾಗ ಪಕ್ಕದ ಕುರ್ಚಿಯಿಂದ ಇವರು, “ನಂದು ಎಷ್ಟು ಕಿತ್ತಿದ್ದಾರೆ?” ಎಂದು ಕೇಳಿದರು.

ನರ್ಸು ನಕ್ಕಳು, ಡಾಕ್ಟರು ನಕ್ಕಳು. ನನಗೂ ತಡೆಯಲಾಗಲಿಲ್ಲ. ತುಟಿ ಮರಗಟ್ಟಿತ್ತಲ್ಲ, ಮುಚ್ಚಿಕೊಳ್ಳಲು ಅದು ನನ್ನ ಮಾತೇ ಕೇಳಲಿಲ್ಲ. ಬಾಯಲ್ಲಿ ಹತ್ತಿ, ಎರಡು ಕಿಟಕಿ, ಗಲ್ಲದ ಮೇಲೆ ಜೊಲ್ಲು. ಹಾಗೇ ನಕ್ಕೆ. ಇವರು ಕುರ್ಚಿಯಲ್ಲಿ ಎದ್ದು ಕೂತು ನನ್ನನ್ನು ನೋಡಿದ ನೋಟವನ್ನು ಬರೆಯಲು ನನಗೆ ನಾಚಿಕೆ. ವಯಸ್ಸಾಗಿದೆ ಎಂದು ನೀನೇ ಬರೆದಿದ್ದೆಯಲ್ಲ.

ಮುಂದಿನ ತಿಂಗಳು ಕ್ಲಿಪ್ಪು.

ಅತ್ತೆ


ಮಾರ್ಚ್ 5

ಪ್ರೀತಿಯ ಅತ್ತೆ,

ರೈಲು ಸರಿಯಾದ ಹೊತ್ತಿಗೆ ತಲುಪಿತು. ಮಾವ ಕೊಟ್ಟ ಗಡಿಯಾರ ಇಲ್ಲಿಯೂ ತನ್ನದೇ ಹೊತ್ತು ತೋರಿಸುತ್ತಿದೆ.

ನಿಮ್ಮ ಜೊತೆ ಕಳೆದ ಹತ್ತು ದಿನದಲ್ಲಿ ನನ್ನ ಕಥೆಗಳ ಮೂರು ವರ್ಷದ ಬಾಕಿಯೆಲ್ಲ ತೀರಿತು ಎಂದುಕೊಂಡಿದ್ದೆ. ಆದರೆ ಕೊನೆಯ ದಿನ ನಿಮ್ಮನ್ನು ಗೆದ್ದದ್ದು ನಾನಲ್ಲ, ನಿಮ್ಮ ಮಗ. ಅವರು ಜೀವನದಲ್ಲಿ ಒಂದೂ ಹಾಸ್ಯ ಮಾಡಿದವರಲ್ಲ. ಕಪಾಟಿನ ಮೇಲಿದ್ದ ನಿಮ್ಮ ಹಲ್ಲಿನ ಅಚ್ಚನ್ನು ಕೈಗೆತ್ತಿಕೊಂಡು, ತಿರುಗಿಸಿ ಮುರುಗಿಸಿ, ಬಹಳ ಗಂಭೀರವಾಗಿ “ಇದು ಯಾರು?” ಎಂದು ಕೇಳಿದರಲ್ಲ. ಮಾವ ತಲೆಯೆತ್ತದೆ “ನಿಮ್ಮಮ್ಮ. ಮಾತಾಡಿಸು” ಎಂದರು. ಇವರು ನಿಜವಾಗಿಯೂ ಅದರ ಕಡೆ ತಿರುಗಿ “ಅಮ್ಮಾ” ಎಂದುಬಿಟ್ಟರು.

ಆಗ ಬಂತು ನಿಮ್ಮ ನಗು. ಅಂಥದ್ದು ಬರುತ್ತದೆಂದು ಯಾರು ಕಂಡಿದ್ದರು? ಅಷ್ಟು ಮೆಲ್ಲಗೆ ಮಾತಾಡುವ ನಿಮ್ಮೊಳಗೆ ಅದು ಎಲ್ಲಿತ್ತು ಅತ್ತೆ? ಮೊದಲಿಗೆ ಗೊಗ್ಗರು ದನಿ, ಕೊನೆಯಲ್ಲಿ ಸಿಳ್ಳೆ. ಸುಟ್ಟ ಜೋಳದ ತೆನೆ ಕೈಯಲ್ಲೇ, ತಂತಿಯೆಲ್ಲ ಬಿಸಿಲಿಗೆ ಮಿರಮಿರ, ಕೈ ಮಾತ್ರ ಬಾಯಿಯ ಹತ್ತಿರವೂ ಬರಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ.

ರೈಲಿನಲ್ಲಿ ನಿಮ್ಮ ಮಗ ಮೂರು ನಿಲ್ದಾಣ ದಾಟುವವರೆಗೆ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಆಮೇಲೆ, “ಅಮ್ಮನ ನಗು ಥೇಟ್ ನನ್ನ ಹಾಗೇ ಇದೆ” ಎಂದರು. ಅಲ್ಲ, ನಿಮ್ಮ ನಗು ಅಮ್ಮನ ಹಾಗೆ ಇದೆ ಎಂದು ತಿದ್ದಿದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಎದುರು ಸೀಟಿನವರಿಗೂ ಹೇಳಿದರು.

ಜಾಗ ಅರ್ಧಕ್ಕಿಂತ ಹೆಚ್ಚು ಮುಚ್ಚಿದೆ ಎಂದು ನನ್ನ ಕಣ್ಣಳತೆ. ಡಾಕ್ಟರು ಏನೆಂದರು?

ನಿಮ್ಮ ಸೊಸೆ


ಮಾರ್ಚ್ 14

ಸೊಸೆ ಪುಟ್ಟಿಗೆ,

ಕುದುರೆ ಡಾಕ್ಟರ ಕಣ್ಣಳತೆ ಸರಿಯಾಗಿದೆ. ಬಲಗಡೆ ಮುಕ್ಕಾಲು ಮುಚ್ಚಿದೆ, ಎಡಗಡೆ ನಿಧಾನ, ಅದು ಮೊದಲೇ ಗೊತ್ತಿದ್ದದ್ದೇ. ಎಲ್ಲ ಮುಗಿಯುವುದಕ್ಕೆ ಇನ್ನೂ ಒಂದೂವರೆ ವರ್ಷದ ಮೇಲೆ ಬೇಕು. ಬೇಗ ಮುಗಿಯಲಿ ಎಂದು ಮೊದಲು ಅನ್ನಿಸುತ್ತಿತ್ತು. ಈಗ ಆ ಅವಸರ ಹೋಗಿದೆ.

ಫ್ಯಾಕ್ಟರಿಯಲ್ಲಿ ಮೊನ್ನೆ ಊಟದ ಹೊತ್ತಿಗೆ ಹುಡುಗಿಯರಿಗೆ, ನೀನು ಇಲ್ಲಿದ್ದಾಗ ಹೇಳಿದ ಆ ಕತ್ತೆಯ ಕಥೆ ಹೇಳಿದೆ. ಹೇಳಿ ಮುಗಿಸಿದರೆ ಯಾರೂ ನಗುತ್ತಿಲ್ಲ. ಕತ್ತರಿ ಮೇಡಂ ಎದುರು ನಗಬಹುದೋ ಬಾರದೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ನಾನೇ ಶುರು ಮಾಡಬೇಕಾಯಿತು. ಆಮೇಲೆ ಅವರನ್ನು ಕೆಲಸಕ್ಕೆ ಕೂರಿಸುವುದೇ ಕಷ್ಟವಾಯಿತು.

ನೀವು ಹೊರಟ ದಿನದ ಗಲಾಟೆಯಲ್ಲಿ ಒಂದು ಕ್ಲಿಪ್ಪು ಕಿತ್ತುಬಂದಿತ್ತು, ನನಗೆ ಮಾರನೇ ದಿನ ಗೊತ್ತಾಯಿತು. ಅಂಟಿಸಿಕೊಳ್ಳಲು ಹೋದೆ. ಡಾಕ್ಟರು ಟಾರ್ಚು ಬಿಟ್ಟು ನೋಡಿ, “ಏನಮ್ಮ ಮಾಡಿದ್ರಿ?” ಎಂದಳು.

“ಜೋಳ ಕಚ್ತಾ ನಕ್ಕೆ” ಅಂದೆ.

ಟಾರ್ಚು ಆರಿಸಿ, “ಎರಡರಲ್ಲಿ ಒಂದನ್ನ ಬಿಡಬೇಕಾಗತ್ತೆ” ಎಂದಳು.

ಜೋಳ ಬಿಟ್ಟಿದ್ದೇನೆ.

ಅತ್ತೆ